ನಾಲ್ಕು ಹೆಜ್ಜೆ ನಡೆದು ತೋರಿಸು

ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆಯ ಯಾವುದಾದರೂ ಶಾಲೆಯ ಕಬಡ್ಡಿ ಅಂಕಣದ ಬದಿಗೆ ಸಂಜೆ ಅರ್ಧ ಗಂಟೆ ನಿಂತರೆ ಈ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತದೆ. ರೇಡಿಗೆ ಹೋದ ಹುಡುಗ ಗೆರೆ ಮುಟ್ಟುವ ಅವಸರದಲ್ಲಿ ಪಾದ ಹೊರಳಿಸಿಕೊಂಡು ಬಿದ್ದಿರುತ್ತಾನೆ. ಪಿ.ಟಿ. ಸರ್ ಸೀಟಿ ಬಾಯಲ್ಲಿಟ್ಟುಕೊಂಡೇ ಓಡಿ ಬರುತ್ತಾರೆ.

"ಏನಾಗ್ಯಾದೋ?"

"ಏನಿಲ್ರಿ ಸರ್, ಜರಾ ಉಳುಕ್ಯಾದ. ಆಡ್ತೀನ್ರಿ."

"ಮೊದಲ ಏಳು. ನಾಕ್ ಹೆಜ್ಜಿ ನಡದು ತೋರ್ಸು."

ನಾಲ್ಕೇ ಹೆಜ್ಜೆ ಯಾಕೆ? ಹತ್ತು ಯಾಕಲ್ಲ? ಕೇಳಿದರೆ ಸರ್ ನಗುತ್ತಾರೆ, ಅದು ಬಾಯಿಗೆ ಬಂದ ಲೆಕ್ಕ. ಆದರೆ ಇದೇ ನಾಲ್ಕು ಹೆಜ್ಜೆ ವೈದ್ಯಕೀಯ ಪುಸ್ತಕಗಳಲ್ಲೂ ಇದೆ. ಕೆನಡಾದ ಒಟ್ಟಾವಾ ನಗರದ ತುರ್ತು ಚಿಕಿತ್ಸಾ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಅದನ್ನು ಪ್ರಕಟಿಸಿದರು. ಕಾಲು ಉಳುಕಿಸಿಕೊಂಡು ಬಂದವರಿಗೆಲ್ಲ ಆಗ ಕಣ್ಣುಮುಚ್ಚಿ ಎಕ್ಸ್-ರೇ ಬರೆದುಕೊಡುತ್ತಿದ್ದರು, ಬಹುಪಾಲು ಫಿಲ್ಮುಗಳಲ್ಲಿ ಎಲುಬು ಗಟ್ಟಿಮುಟ್ಟಾಗಿಯೇ ಇರುತ್ತಿತ್ತು. ಯಾರಿಗೆ ಎಕ್ಸ್-ರೇ ಬೇಕು, ಯಾರಿಗೆ ಬೇಡ ಎಂದು ಕೈಯಿಂದಲೇ ತಿಳಿಯಬಹುದೇ ಎಂದು ಅವರು ಹುಡುಕಿದರು. ಸಿಕ್ಕ ಉತ್ತರ ಸರಳ. ಪೆಟ್ಟಾದ ಕೂಡಲೇ, ಇಲ್ಲವೇ ಆಮೇಲೆ ಪರೀಕ್ಷೆಯ ಹೊತ್ತಿಗಾದರೂ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಹಾಕಲು ಬರಬೇಕು. ಜೊತೆಗೆ, ಪಾದದ ಗಿಣ್ಣಿನ ಎರಡೂ ಬದಿಗೆ ಉಬ್ಬಿದ ಎಲುಬಿದೆಯಲ್ಲ, ಅದರ ತುದಿಯನ್ನೂ ಹಿಂದಿನ ಅಂಚನ್ನು ಆರು ಸೆಂಟಿಮೀಟರ್ ಮೇಲಿನವರೆಗೂ ಬೆರಳಿನಿಂದ ಒತ್ತಿದಾಗ ಎಲುಬಿನಲ್ಲಿ ನೋವು ಏಳಬಾರದು. ಇಷ್ಟಾದರೆ ಗಿಣ್ಣಿನ ಎಲುಬು ಮುರಿದಿಲ್ಲ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ನೋವು ಪಾದದ ನಡುಭಾಗದಲ್ಲಿದ್ದರೆ ಕಿರುಬೆರಳಿನ ಕಡೆಯ ಉದ್ದ ಎಲುಬಿನ ಬುಡವನ್ನೂ ಒಳಮಗ್ಗುಲ ಕಮಾನಿನ ಎಲುಬನ್ನೂ ಒತ್ತಿ ನೋಡಬೇಕು. ತೀರ ಸಣ್ಣ ಮಕ್ಕಳಿಗೆ ಈ ಸೂತ್ರ ಹೊಂದದು.

ನಮ್ಮ ಪಿ.ಟಿ. ಸರ್ ಅನುಭವದಿಂದಲೇ ಸೂತ್ರದ ಅರ್ಧಕ್ಕೆ ಬಂದು ನಿಂತಿದ್ದಾರೆ. ಎಲುಬು ಒತ್ತುವ ಇನ್ನರ್ಧ ಅವರ ಕೈಗೆ ಯಾರೂ ಕೊಟ್ಟಿಲ್ಲ. ಈ ಅಧ್ಯಾಯ ಆ ಇನ್ನರ್ಧದ ಬಗ್ಗೆ, ಮತ್ತು ಅದನ್ನೇ ಕಸುಬು ಮಾಡಿಕೊಂಡವರ ಬಗ್ಗೆ.

ಆ ಕಸುಬಿನ ಹೆಸರು ಅಥ್ಲೆಟಿಕ್ ಟ್ರೇನರ್. ಕನ್ನಡದಲ್ಲಿ ಟ್ರೇನರ್ ಎಂದರೆ ಜಿಮ್ಮಿನಲ್ಲಿ ಡಂಬೆಲ್ ಎತ್ತಿಸುವವರು ನೆನಪಾಗುತ್ತಾರೆ. ಕೋಚ್ ಎಂದರೆ ಆಟ ಕಲಿಸುವವರು, ಫಿಸಿಯೋ ಎಂದರೆ ಪೆಟ್ಟಾದ ಮೇಲೆ ಕ್ಲಿನಿಕ್ಕಿನಲ್ಲಿ ಸಿಗುವವರು. ಅಥ್ಲೆಟಿಕ್ ಟ್ರೇನರ್ ಈ ಮೂವರೂ ಅಲ್ಲ. ಪೆಟ್ಟು ಬೀಳುವ ಮೊದಲು, ಬೀಳುವ ಗಳಿಗೆಯಲ್ಲಿ, ಬಿದ್ದ ಹತ್ತು ನಿಮಿಷದೊಳಗೆ ಮೈದಾನದಲ್ಲೇ ಇರುವ ಆರೋಗ್ಯ ಸಿಬ್ಬಂದಿ ಅವರು. ಅಮೆರಿಕದಲ್ಲಿ ಅವರ ಸಂಘ 1950ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಹುಟ್ಟಿತು. ಅಲ್ಲಿನ ವೈದ್ಯಕೀಯ ಸಂಘ ಇದನ್ನು ಆರೋಗ್ಯ ವೃತ್ತಿ ಎಂದು ಒಪ್ಪಿಕೊಂಡದ್ದು 1990ರಲ್ಲಿ, ನಲವತ್ತು ವರ್ಷ ಕಾದ ಮೇಲೆ. ನಮ್ಮಲ್ಲಿ ದೊಡ್ಡ ತಂಡಗಳಿಗೆ ಫಿಸಿಯೋ ಇರುತ್ತಾರೆ. ನಮ್ಮ ಕಲಬುರಗಿಯ ಹಳೆಯ ಹೆಸರು ಹೊತ್ತ ಕ್ರಿಕೆಟ್ ತಂಡ ಗುಲ್ಬರ್ಗ ಮಿಸ್ಟಿಕ್ಸ್ 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಆದರೆ ಆ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಿನ ಜಾವ ಸುತ್ತು ಹಾಕುವ ಹುಡುಗ ಹುಡುಗಿಯರಿಗೆ, ಕಮಲಾಪುರದ ಖೋಖೋ ತಂಡಕ್ಕೆ, ಈ ಕೆಲಸ ಮಾಡುವವರು ಪಿ.ಟಿ. ಸರ್, ಇಲ್ಲವೇ ಯಾರೂ ಇಲ್ಲ.

ಹಿಂದೆ ಒಬ್ಬ ಇದ್ದ. ಉತ್ತರ ಕರ್ನಾಟಕದ ತಾಲೀಮುಗಳ ವಸ್ತಾದ. ಯಾವ ಪೈಲ್ವಾನನ ಭುಜ ಇವತ್ತು ತಗ್ಗಿದೆ, ಯಾರು ರಾತ್ರಿ ನಿದ್ದೆಗೆಟ್ಟಿದ್ದಾರೆ ಎಂದು ನಡಿಗೆ ನೋಡಿಯೇ ಹೇಳುತ್ತಿದ್ದ. ಟ್ರೇನರ್ ಕೆಲಸದ ಮುಕ್ಕಾಲು ಪಾಲು ಇದೇ, ನೋಡುವುದು.

ಮತ್ತೆ ಉಳುಕಿಗೆ ಬರೋಣ. ಪಾದ ಒಳಕ್ಕೆ ಹೊರಳಿದಾಗ ಹೊರಬದಿಯ ಲಿಗಮೆಂಟ್, ಅಂದರೆ ಎಲುಬಿಗೆ ಎಲುಬು ಬಿಗಿದ ಪಟ್ಟಿ, ಜಗ್ಗುತ್ತದೆ. ಮೂರು ಪಟ್ಟಿಗಳಲ್ಲಿ ಮುಂದಿನದೇ ಎಲ್ಲಕ್ಕಿಂತ ದುರ್ಬಲ, ಮೊದಲು ಹರಿಯುವುದು ಅದೇ. ಒಳಗೆ ರಕ್ತ ಜಿನುಗಿ ಗಿಣ್ಣು ಊದಿಕೊಳ್ಳುತ್ತದೆ. ಈಗ ನಮ್ಮ ಊರುಗಳಲ್ಲಿ ಏನಾಗುತ್ತದೆ? "ಉಳುಕು ತೆಗಿಸ್ಕೊಂಡು ಬಾ" ಎಂದು ಕಳಿಸುತ್ತಾರೆ. ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಕೊನೆಗೆ ಒಂದು ಜಗ್ಗು. ಬೆನ್ನು ಹಿಡಿದವರಿಗಂತೂ ಕಾಲು ಮುಂದಾಗಿ ಹುಟ್ಟಿದವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಬೆನ್ನಿನ ವಿಷಯ ಬಿಡಿ, ಅದು ಬಹಳ ಸಲ ತಾನಾಗಿಯೇ ಇಳಿಯುತ್ತದೆ. ಆದರೆ ಈಗಷ್ಟೇ ಹರಿದ ಪಟ್ಟಿಯನ್ನು ಮೊದಲ ಎರಡು ದಿನದಲ್ಲಿ ತಿಕ್ಕಿದರೆ ನಿಲ್ಲುತ್ತಿದ್ದ ರಕ್ತಸ್ರಾವ ಮತ್ತೆ ಶುರುವಾಗುತ್ತದೆ. ಇಲ್ಲಿ ನನಗೆ ಎರಡು ಮಾತಿಲ್ಲ, ಆ ಎರಡು ದಿನ ಯಾರ ಕೈಗೂ ಗಿಣ್ಣು ಕೊಡಬಾರದು.

ಹಾಗಂತ ಮಂಜುಗಡ್ಡೆಯೇ ಸರ್ವೌಷಧ ಎಂದುಕೊಳ್ಳಬೇಡಿ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಕ್ಕೆ ಎಂಬ ನಾಲ್ಕು ಮಾತಿನ ಮಂತ್ರವನ್ನು 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಕಟ್ಟಿದರು, ಲೋಕವೆಲ್ಲ ಅದನ್ನು ಬಾಯಿಪಾಠ ಮಾಡಿತು. ದಶಕಗಳ ನಂತರ ಅವರೇ ಮಾತು ತಿದ್ದಿಕೊಂಡರು. ಊತ ಎಂದರೆ ದುರಸ್ತಿಯ ಕೂಲಿಗಳು ಬಂದ ಗದ್ದಲ, ಮಂಜುಗಡ್ಡೆ ಆ ಕೂಲಿಗಳನ್ನು ತಡಮಾಡಿಸಬಹುದು. ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ನಿಧಾನಿಸಬಹುದು. ನೋವು ತಗ್ಗಿಸಲು ಮೊದಲ ಕೆಲವು ಗಂಟೆ ಮಂಜುಗಡ್ಡೆ ಇಡಬಹುದು, ಬಟ್ಟೆ ಸುತ್ತಿ, ಹತ್ತು ನಿಮಿಷ. ಅದರಾಚೆಗೆ ನೋವಿನ ಮಿತಿಯೊಳಗೆ ಕಾಲು ಆಡಿಸುವುದೇ ಲೇಸು ಎನ್ನುವುದು ಈಗಿನ ತಿಳಿವಳಿಕೆ.

ಟೇಪ್ ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಆಟಗಾರ ಬೆಂಚಿನ ಅಂಚಿಗೆ ಕಾಲು ಚಾಚಿ ಕೂತಿದ್ದಾನೆ, ಪಾದ ಕಣಕಾಲಿಗೆ ಕಾಟಕೋನದಲ್ಲಿ ನೆಟ್ಟಗೆ. ಒಂದೂವರೆ ಇಂಚಿನ ಬಿಳಿ ಅಂಟುಪಟ್ಟಿ. ಮೊದಲು ಗಿಣ್ಣಿನಿಂದ ನಾಲ್ಕು ಬೆರಳು ಮೇಲೆ ಎರಡು ಸುತ್ತು, ಅವು ಉಳಿದ ಪಟ್ಟಿಗಳಿಗೆ ಗೂಟ. ಆಮೇಲೆ ಒಳಬದಿಯಿಂದ ಇಳಿದು ಹಿಮ್ಮಡಿಯ ಅಡಿಗೆ ಹೋಗಿ ಹೊರಬದಿಗೆ ಜಗ್ಗಿ ಏರುವ ಪಟ್ಟಿ, ಕುದುರೆಯ ರಿಕಾಪಿನ ಹಾಗೆ, ಮೂರು ಸಲ. ದಿಕ್ಕು ತಪ್ಪಿದರೆ ಕೆಲಸ ಕೆಟ್ಟಂತೆ, ಏಕೆಂದರೆ ಪಾದ ಒಳಕ್ಕೆ ಮಗುಚದ ಹಾಗೆ ಹೊರಗಿನಿಂದ ಮೇಲೆತ್ತಿ ಹಿಡಿಯಬೇಕು. ಕೊನೆಗೆ ಹಿಮ್ಮಡಿಯನ್ನು ಎರಡೂ ಕಡೆಯಿಂದ ಬೀಗ ಹಾಕಿದಂತೆ ಸುತ್ತು. ಎಲ್ಲೂ ಸುಕ್ಕು ಉಳಿಯಬಾರದು, ಸುಕ್ಕಿದ್ದಲ್ಲಿ ಬೊಬ್ಬೆ ಏಳುತ್ತದೆ. ಮುಗಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡುತ್ತಾರೆ. ಬೆಳ್ಳಗಾದ ಉಗುರು ಎರಡೆಣಿಸುವುದರಲ್ಲಿ ಮತ್ತೆ ಕೆಂಪಾಗಬೇಕು. ಆಗದಿದ್ದರೆ ಬಿಚ್ಚಿ ಮೊದಲಿನಿಂದ.

ಇಷ್ಟೆಲ್ಲ ಮಾಡಿದ ಟೇಪ್ ಆಟ ಶುರುವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಸಡಿಲಾಗುತ್ತದೆ. ಆದರೂ ಉಪಯೋಗ ಉಂಟು. ಚರ್ಮದ ಮೇಲಿನ ಜಗ್ಗಾಟ "ಪಾದ ಈಗ ಹೀಗಿದೆ" ಎಂದು ಮಿದುಳಿಗೆ ಹೇಳುತ್ತಲೇ ಇರುತ್ತದೆ ಎಂಬ ವಿವರಣೆಯಿದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೂ ಈ ಸುದ್ದಿ ತಪ್ಪುವುದು ಒಂದು ಕಾರಣ, ಪಟ್ಟಿಯೊಳಗಿನ ಸುದ್ದಿವಾಹಕ ನರತುದಿಗಳೂ ಹರಿದಿರುತ್ತವೆ. ಅದಕ್ಕೆ ಔಷಧಿ ಟೇಪಿಗಿಂತ ಅಗ್ಗ. ದಿನಾ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು, ರೂಢಿಯಾದ ಮೇಲೆ ಕಣ್ಣು ಮುಚ್ಚಿ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣಿನ ಮೇಲೂ ಶಹಾಬಾದ ಫರಸಿಯ ಮೇಲೂ ಆಡುವ ನಮ್ಮ ಮಕ್ಕಳಿಗೆ ಇದನ್ನು ಪ್ರಾರ್ಥನೆಯ ಹೊತ್ತಿಗೇ ಮಾಡಿಸಬಹುದು.

ಉಳುಕಿನಿಂದ ಯಾರೂ ಸಾಯುವುದಿಲ್ಲ. ಕಲಬುರಗಿಯಲ್ಲಿ ಟ್ರೇನರ್ ನಿದ್ದೆಗೆಡಬೇಕಾದ ಸಂಗತಿ ಬೇರೆ, ಬಿಸಿಲು.

ಏಪ್ರಿಲ್, ಮೇ ತಿಂಗಳಲ್ಲಿ ಈ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫೈಲು ನೋಡುವವರಿಗೇ ಈ ರಿಯಾಯಿತಿ ಬೇಕಾದರೆ ಓಡುವವರ ಗತಿ? ಒಂದು ಲೆಕ್ಕ ಹಾಕೋಣ. ಐವತ್ತು ಕಿಲೋ ತೂಕದ ಹುಡುಗ ಒಂದು ಕಿಲೋಮೀಟರ್ ಓಡಲು ಸುಮಾರು 50 ಕಿಲೋಕ್ಯಾಲರಿ ಸುಡುತ್ತಾನೆ. ಅದರಲ್ಲಿ 40 ಅಂತೂ ಬರೀ ಶಾಖ. ಅವನ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದೂ ಸುಮಾರು ಅಷ್ಟೇ. ಅಂದರೆ ಆ ಶಾಖ ಹೊರಗೆ ಹೋಗದಿದ್ದರೆ ಕಿಲೋಮೀಟರಿಗೆ ಒಂದು ಡಿಗ್ರಿ ಏರಿಕೆ. 37ರಿಂದ ಹೊರಟವನು ಮೂರು ಕಿಲೋಮೀಟರ್ ಮುಗಿಸುವಷ್ಟರಲ್ಲಿ 40. ಗಾಳಿಯೇ 42 ಡಿಗ್ರಿ ಇದ್ದಾಗ ಮೈಯ ಶಾಖ ಗಾಳಿಗೆ ಹೋಗುವುದಿಲ್ಲ, ಗಾಳಿಯದೇ ಮೈಗೆ ಬರುತ್ತದೆ. ಉಳಿದ ದಾರಿ ಒಂದೇ, ಬೆವರು. ಒಂದು ಲೀಟರ್ ಬೆವರು ಆವಿಯಾದರೆ 580 ಕಿಲೋಕ್ಯಾಲರಿ ಹೊತ್ತೊಯ್ಯುತ್ತದೆ, ಕಿಲೋಮೀಟರಿಗೆ ಒಂದು ಸಣ್ಣ ಚಹಾ ಕಪ್ಪಿನಷ್ಟು ಬೆವರು ಸಾಕು. ಆದರೆ ಆವಿಯಾಗಬೇಕು, ನೆಲಕ್ಕೆ ತೊಟ್ಟಿಕ್ಕಿದರೆ ದಂಡ.

ಶಾಲೆಯ ಪಡಸಾಲೆಯ ಮಣ್ಣಿನ ಕೊಡ ಇದೇ ಪಾಠ ಹೇಳುತ್ತದೆ. ಏಪ್ರಿಲ್‌ನಲ್ಲಿ ಅದರ ನೀರು ಗಂಟಲಿಗೆ ಹಿತ, ಸೆಪ್ಟೆಂಬರ್‌ನಲ್ಲಿ ಬರೀ ನೀರು. ಒಣಗಾಳಿ ಕೊಡದ ಬೆವರನ್ನು ಎಳೆದುಕೊಳ್ಳುತ್ತದೆ, ಮಳೆಗಾಲದ ತೇವದ ಗಾಳಿ ಎಳೆದುಕೊಳ್ಳುವುದಿಲ್ಲ. ನಮ್ಮ ಶಾಲಾ ಕ್ರೀಡಾಕೂಟಗಳು ನಡೆಯುವುದು ಯಾವಾಗ? ಮಳೆಗಾಲದಲ್ಲಿ. "ಈಗೇನು ಬಿಸಿಲಿಲ್ಲಲ್ಲ" ಎನ್ನುವ ಧೈರ್ಯದಲ್ಲಿ.

ಈ ಮೋಸ ಹಿಡಿಯಲೆಂದೇ ಒಂದು ಅಳತೆ ಇದೆ. ಅಮೆರಿಕದ ನೌಕಾ ಸೈನಿಕರ ತರಬೇತಿ ಶಿಬಿರದಲ್ಲಿ ಹುಡುಗರು ಬಿಸಿಲಿಗೆ ಬೀಳತೊಡಗಿದಾಗ 1957ರಲ್ಲಿ ಯಾಗ್ಲೂ ಮತ್ತು ಮಿನಾರ್ಡ್ ಎಂಬಿಬ್ಬರು ಕಟ್ಟಿದ ಸೂತ್ರ. ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ 0.7 ಪಾಲು, ಬಿಸಿಲಲ್ಲಿಟ್ಟ ಕಪ್ಪು ಗೋಳದ ಅಂಕಿಗೆ 0.2, ನೆರಳಿನ ಸಾಮಾನ್ಯ ಅಂಕಿಗೆ ಬರೀ 0.1. ನೋಡಿ, ಪತ್ರಿಕೆಯಲ್ಲಿ ನಾವು ಓದುವ ಉಷ್ಣಾಂಶಕ್ಕೆ ಇಲ್ಲಿ ಎಲ್ಲಕ್ಕಿಂತ ಕಡಿಮೆ ಮರ್ಯಾದೆ. ಉದಾಹರಣೆಗೆಂದು ಅಂಕಿ ಹಿಡಿಯೋಣ, ಇವು ನಾನು ಅಳೆದದ್ದಲ್ಲ. ಏಪ್ರಿಲ್ ಮಧ್ಯಾಹ್ನ ನೆರಳಲ್ಲಿ 42, ಗೋಳ 55, ಒದ್ದೆಬಟ್ಟೆ 22 ಇದ್ದರೆ ಸೂತ್ರದ ಉತ್ತರ 30.6. ಸೆಪ್ಟೆಂಬರಿನ ಮೋಡ ಸರಿದ ಮಧ್ಯಾಹ್ನ ನೆರಳಲ್ಲಿ ಬರೀ 33, ಗೋಳ 45, ಒದ್ದೆಬಟ್ಟೆ 26 ಇದ್ದರೆ 30.5. ಮೈಗೆ ಎರಡೂ ಒಂದೇ.

ಆದ್ದರಿಂದ ಟ್ರೇನರ್ ದಿನಚರಿಯಲ್ಲಿ ತೂಕದ ಯಂತ್ರಕ್ಕೆ ದೊಡ್ಡ ಜಾಗ. ಅಭ್ಯಾಸಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ತೂಕ. ಐವತ್ತು ಕಿಲೋದವನು ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ, ಅದು ನೂರಕ್ಕೆ ಎರಡು ಪಾಲು, ಅಲ್ಲಿಂದ ಮುಂದೆ ಓಟ ಕುಗ್ಗುತ್ತದೆ, ಮೈ ಬೇಗ ಕಾಯುತ್ತದೆ. ಮರುದಿನ ಬೆಳಿಗ್ಗೆಗೂ ಆ ಕಿಲೋ ಮರಳಿ ಬರದಿದ್ದರೆ ಅವನು ಅವತ್ತು ಕೂರಬೇಕು. ತೊಗರಿಯ ಊರಿನಲ್ಲಿ ತೂಕದ ಲೆಕ್ಕ ಯಾರಿಗೂ ಹೊಸದಲ್ಲ, ಮಕ್ಕಳನ್ನು ತೂಗುವುದಷ್ಟೇ ಹೊಸದು. ಇನ್ನು ರಜೆ ಮುಗಿಸಿ ಬಂದವರನ್ನು ಮೊದಲ ದಿನವೇ ಪೂರ್ತಿ ಓಡಿಸುವಂತಿಲ್ಲ. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಗ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪೂ ಕಡಿಮೆಯಾಗುತ್ತದೆ.

ಇಷ್ಟಾದರೂ ಒಬ್ಬ ಬಿದ್ದ ಎನ್ನಿ. ತೊದಲುತ್ತಾನೆ, ಹಾದಿ ತಪ್ಪಿ ಓಡುತ್ತಾನೆ, ಸರ್‌ಗೇ ಬೈಯುತ್ತಾನೆ. ಇದು ಬಿಸಿಲ ಹೊಡೆತ, ಒಳಗೆ 40 ದಾಟಿದೆ. ಚರ್ಮ ಒಣಗಿರಬೇಕು ಎನ್ನುವ ಹಳೆಯ ಪಾಠ ಓಟಗಾರರಿಗೆ ಸಲ್ಲದು, ಅವರ ಮೈ ಬೆವರಿನಿಂದ ತೊಪ್ಪೆಯಾಗಿರಬಹುದು. ಹಣೆ, ಕಂಕುಳ ಥರ್ಮಾಮೀಟರನ್ನೂ ನಂಬುವಂತಿಲ್ಲ. ಆಗ ನಮ್ಮ ಮೊದಲ ಯೋಚನೆ "ಗಾಡಿ ತರ್ರಿ, ಕಲಬುರಗಿಗೆ ಒಯ್ಯೋಣ." ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಯ ದೊಡ್ಡಾಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆ. ಮಿದುಳಿಗೆ ಇರುವ ಅವಧಿ ಅರ್ಧ ಗಂಟೆ. 108ಕ್ಕೆ ಫೋನು ಮಾಡಿ, ಆದರೆ ಮೊದಲು ತಣಿಸಿ, ಆಮೇಲೆ ಸಾಗಿಸಿ. ಟ್ರೇನರುಗಳ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ವಿಧಿ ಇಲ್ಲ. ಅಮೆರಿಕದ ಫಾಲ್ಮತ್ ರಸ್ತೆ ಓಟದಲ್ಲಿ ಹದಿನೆಂಟು ವರ್ಷಗಳಲ್ಲಿ 274 ಮಂದಿ ಹೀಗೆ ಬಿದ್ದರು. ಗುರಿಗೆರೆಯ ಪಕ್ಕದಲ್ಲೇ ತಣ್ಣೀರಿನ ತೊಟ್ಟಿಗಳಿದ್ದವು. ಒಬ್ಬರೂ ಸಾಯಲಿಲ್ಲ.

ನಮ್ಮಲ್ಲಿ ತೊಟ್ಟಿ ಎಲ್ಲಿಂದ ಬರಬೇಕು? ಬೇಕಿಲ್ಲ, ತಾಡಪತ್ರಿ ಇದೆ. ತೊಗರಿ ಒಣಗಿಸುವ ಅದೇ ತಾಡಪತ್ರಿ. ಹುಡುಗನನ್ನು ಅದರ ನಡುವೆ ಮಲಗಿಸಿ, ನಾಲ್ಕಾರು ಜನ ಅಂಚು ಹಿಡಿದೆತ್ತಿ ಜೋಲಿ ಮಾಡಿ, ಮಂಜುಗಡ್ಡೆ ಹಾಕಿದ ನಾಲ್ಕೈದು ಬಕೆಟ್ ನೀರು ಸುರಿದು, ಅತ್ತಿತ್ತ ತೂಗುತ್ತಿರಬೇಕು. ಒಬ್ಬರು ತಲೆ ಹಿಡಿದು ಮೂಗು ಬಾಯಿಗೆ ನೀರು ಹೋಗದಂತೆ ನೋಡಬೇಕು. ಇದು ನಾನು ಹೊಸೆದ ಉಪಾಯವಲ್ಲ, ಅಮೆರಿಕದಲ್ಲಿ ಸಂಶೋಧಕರು ಪರೀಕ್ಷಿಸಿ ಒಪ್ಪಿದ ವಿಧಾನ. ನೀರು ತಣ್ಣಗಿರದಿದ್ದರೂ ಸರಿ, ಬಾವಿಯ ನೀರೂ ಖಾಲಿ ಕೂತು ಗಾಳಿ ಬೀಸುವುದಕ್ಕಿಂತ ಎಷ್ಟೋ ಮೇಲು.

ಇನ್ನು ಬಾಳೆಹಣ್ಣಿನ ಮಾತು. ಕಮಲಾಪುರದ ಹೆಸರು ಹೇಳಿ ಕೆಂಪು ಬಾಳೆಯನ್ನು ಬಿಡಲಾಗದು, ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಮೀನಖಂಡ ಹಿಡಿದುಕೊಂಡರೆ ಬಾಳೆಹಣ್ಣು ತಿನ್ನು, ಪೊಟ್ಯಾಸಿಯಂ ಇದೆ ಎಂದು ಓದಿದವರೂ ಹೇಳುತ್ತಾರೆ. ಲೆಕ್ಕ ಕೂಡುವುದಿಲ್ಲ. ಒಂದು ಲೀಟರ್ ಬೆವರಿನಲ್ಲಿ ಹೋಗುವ ಪೊಟ್ಯಾಸಿಯಂ 200 ಮಿಲಿಗ್ರಾಂ ಆಸುಪಾಸು, ಸೋಡಿಯಂ ಒಂದು ಗ್ರಾಂ ಆಸುಪಾಸು. ಕಳೆದದ್ದು ಉಪ್ಪು, ಕೊಡುತ್ತಿರುವುದು ಬೇರೇನೋ. ತಿಂದ ಹಣ್ಣಿನ ಪೊಟ್ಯಾಸಿಯಂ ರಕ್ತಕ್ಕೆ ಬರಲು ಸುಮಾರು ಒಂದು ಗಂಟೆ ಬೇಕು ಎಂದು ಕೆವಿನ್ ಮಿಲ್ಲರ್ ಎಂಬ ಸಂಶೋಧಕ 2012ರಲ್ಲಿ ತೋರಿಸಿದ್ದಾರೆ. ಅಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. ಅದೇ ಮಿಲ್ಲರ್ ಇನ್ನೊಂದು ತಮಾಷೆ ಕಂಡರು. ಉಪ್ಪಿನಕಾಯಿಯ ಹುಳಿನೀರು ಒಂದು ಗುಟುಕು ಕುಡಿದರೆ ಹಿಡಿದ ಸ್ನಾಯು ನೀರು ಕುಡಿದಾಗಿನದಕ್ಕಿಂತ ಬೇಗ ಬಿಟ್ಟುಕೊಡುತ್ತದೆ, ಅದೂ ಉಪ್ಪು ರಕ್ತ ಸೇರುವ ಮೊದಲೇ. ಗಂಟಲಿಗೆ ತಾಗಿದ ಹುಳಿಯೇ ನರಗಳ ಮೂಲಕ ಸ್ನಾಯುವಿಗೆ ಸುಮ್ಮನಿರು ಎನ್ನುತ್ತದೆ ಎಂಬುದು ಅವರ ಊಹೆ. ಅವರದು ಸೌತೆಯ ಉಪ್ಪಿನಕಾಯಿ, ಖಾರವಿಲ್ಲದ್ದು. ನಮ್ಮ ಮಾವಿನಕಾಯಿ ರಸವನ್ನು ಪ್ರಯೋಗಿಸಿ ಬೈಸಿಕೊಳ್ಳಬೇಡಿ. ಖಚಿತ ಮದ್ದು ಬೇರೆ: ಕಾಲು ನೀಟಾಗಿ ಚಾಚಿಸಿ ಪಾದವನ್ನು ಮೊಣಕಾಲ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯುವುದು. ಬೆವರಿ ಸೋತವರಿಗೆ ಓಆರ್‌ಎಸ್, ಒಂದು ಲೀಟರಿಗೆ 20.5 ಗ್ರಾಮಿನ ಒಂದು ಪೊಟ್ಟಣ. ಕೆಂಪು ಬಾಳೆ ಆಟ ಮುಗಿದ ಮೇಲೆ ತಿನ್ನಲಿ, ರುಚಿಗೆ.

ಹುಡುಗಿಯರ ವಿಷಯದಲ್ಲಿ ಕಣ್ಣು ಇನ್ನೊಂದೆಡೆಯೂ ಇರಬೇಕು. ಚೆನ್ನಾಗಿ ಓಡುತ್ತಿದ್ದವಳು ಈ ತಿಂಗಳು ಎರಡನೇ ಸುತ್ತಿಗೇ ಏದುಸಿರು ಬಿಟ್ಟರೆ "ಸೋಮಾರಿ" ಎನ್ನುವ ಮೊದಲು ಅವಳ ಕಣ್ಣ ರೆಪ್ಪೆಯ ಒಳಬದಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ಕಿಟಕಿಯಾಚೆ ಹೋಗುತ್ತಿದೆಯೇ ಎಂದು ಕಾಯುವುದೂ ಟ್ರೇನರ್ ಕೆಲಸವೇ.

ತಲೆ ಮತ್ತು ಎದೆಯ ಬಗ್ಗೆ ಎರಡೇ ಮಾತು. ಖೋಖೋ ಕಂಬಕ್ಕೆ ತಲೆ ಬಡಿದವಳು "ಎದುರಾಳಿ ಯಾವ ಶಾಲೆ?" ಎಂದು ಕೇಳಿದರೆ ತಡವರಿಸಿದಳೋ, ಅವತ್ತಿನ ಆಟ ಮುಗಿಯಿತು, ಅರ್ಧ ಗಂಟೆಗೆ ಚೇತರಿಸಿಕೊಂಡರೂ ಸರಿ. ಕುಸಿದವನು ಉಸಿರಾಡುತ್ತಿಲ್ಲವಾದರೆ ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಬಾರಿ ಬಲವಾಗಿ ಒತ್ತುವುದು. 2023ರ ಜನವರಿ 2ರಂದು ಅಮೆರಿಕದ ಸಿನ್ಸಿನಾಟಿಯ ಫುಟ್ಬಾಲ್ ಮೈದಾನದಲ್ಲಿ ಎದೆಗೆ ಪೆಟ್ಟು ಬಿದ್ದು ಹೃದಯ ನಿಂತ ಆಟಗಾರ ಡಮಾರ್ ಹ್ಯಾಮ್ಲಿನ್‌ನ ಎದೆ ಒತ್ತಲು ಮಂಡಿಯೂರಿದವರು ವೈದ್ಯರಲ್ಲ, ತಂಡದ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲಿಂಗ್ಟನ್. ಹ್ಯಾಮ್ಲಿನ್ ಅದೇ ವರ್ಷ ಮತ್ತೆ ಆಡಿದರು.

ಇಷ್ಟು ವಿದ್ಯೆಯಲ್ಲಿ ಕಲಿಯಲು ಕಠಿಣವಾದದ್ದು ಯಾವುದೂ ಇಲ್ಲ. ಕಠಿಣ ಇರುವುದು "ಕೂಡು" ಎನ್ನುವುದರಲ್ಲಿ. ಹುಡುಗ ಆಡುತ್ತೇನೆ ಎನ್ನುತ್ತಾನೆ, ಅಪ್ಪ ಗೆರೆಯಾಚೆಯಿಂದ ಕೂಗುತ್ತಾರೆ, ಇನ್ನು ಮೂರೇ ಪಾಯಿಂಟು. ನಮ್ಮಲ್ಲಿ ಆಟ ಕಲಿಸುವವರು, ತಂಡ ಆರಿಸುವವರು, ಕಪ್ಪು ಗೆದ್ದರೆ ಹೆಸರು ಪಡೆಯುವವರು, ಕಾಲು ನೋಡಿ ಆಡಬಹುದೋ ಬೇಡವೋ ಹೇಳುವವರು ಎಲ್ಲರೂ ಒಬ್ಬರೇ, ಪಿ.ಟಿ. ಸರ್. ಅವರು ಎಷ್ಟೇ ಒಳ್ಳೆಯವರಿರಲಿ, ಈ ತಕ್ಕಡಿ ಸಮ ನಿಲ್ಲುವುದಿಲ್ಲ. ಕೋಚಿನ ಮಾತನ್ನು ಮೀರುವ ಅಧಿಕಾರ ಟ್ರೇನರ್‌ಗೆ ಇರಬೇಕು ಎಂದು ಅಮೆರಿಕದ ಟ್ರೇನರುಗಳ ಸಂಘ ಪಟ್ಟು ಹಿಡಿದಿರುವುದು ಇದಕ್ಕೇ. ಪ್ರತಿ ಶಾಲೆಗೊಬ್ಬ ಟ್ರೇನರ್ ನಾಳೆ ಬರುವುದಿಲ್ಲ, ಗೊತ್ತು. ಆದರೆ ತಾಲ್ಲೂಕು ಕೂಟದ ದಿನ ಯಾವ ತಂಡಕ್ಕೂ ಸೇರದ ಒಬ್ಬರಿಗೆ, ಆರೋಗ್ಯ ಇಲಾಖೆಯ ಒಬ್ಬ ನರ್ಸಮ್ಮನಿಗಾದರೂ, ಆ ಅಧಿಕಾರ ಬರೆದುಕೊಡಲು ಹಣ ಬೇಕಿಲ್ಲ.

ಆ ದಿನ ಮೈದಾನದ ನೆರಳಿನ ಕಡೆ ಎರಡು ಡ್ರಮ್ ನೀರು ತುಂಬಿಸಿಡಿ, ಮಂಜುಗಡ್ಡೆ ಮಾರುವವರ ನಂಬರು ಬರೆದಿಟ್ಟುಕೊಳ್ಳಿ. ತಾಡಪತ್ರಿಯನ್ನು ಯಾರದಾದರೂ ಹೊಲದಿಂದ ಹಿಂದಿನ ದಿನವೇ ತರಿಸಿ, ತೂತಿಲ್ಲದ್ದು ನೋಡಿ.